ಮುನಿರತ್ನಮ್ಮ ಮುಚ್ಚಿಟ್ಟ ಬಣ್ಣ

ತಮಿಳು ಗಡಿಯ ಆಲಸನತ್ತಂ ಊರಿನ ಮುನಿರತ್ನಮ್ಮ ಸೂಳಗಿರಿ ದಾರಿಯ ಪೇಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಒಂಬತ್ತು ವರ್ಷ ಕಸ ಗುಡಿಸಿದವಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬೀಗ ತೆಗೆಯುವುದು, ಸಂಜೆ ಎಲ್ಲರೂ ಹೊರಟ ಮೇಲೆ ಬೀಗ ಹಾಕುವುದು ಅವಳದೇ ಕೆಲಸ. ಅವಳಿಗಿದ್ದ ಕಟ್ಟಪ್ಪಣೆ ಒಂದೇ: ಮೇಜಿನ ಮೇಲಿನದಕ್ಕೆ ಕೈ ಹಚ್ಚಕೂಡದು. ಹಚ್ಚಿದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆ ಇಎಸ್‌ಐ ಕಾರ್ಡೂ ಹೋಗುತ್ತದೆ. ಗಂಡ ವೆಂಕಟೇಶಪ್ಪನ ಎದೆನೋವಿಗೆ ತಿಂಗಳು ತಿಂಗಳು ಮಾತ್ರೆ ಬರುತ್ತಿದ್ದದ್ದು ಆ ಕಾರ್ಡಿನಿಂದಲೇ. ಹಾಗಾಗಿ ಮುನಿರತ್ನಮ್ಮ ಮೇಜಿನ ಕಾಲು ಒರೆಸುವಾಗಲೂ ಉಸಿರು ಬಿಗಿಹಿಡಿಯುತ್ತಿದ್ದಳು.

ಎರಡು ಸಾವಿರದ ಏಳರಲ್ಲಿ ಶ್ರೀವಿದ್ಯಾ ಎಂಬ ಹುಡುಗಿ ತುಮಕೂರಿನಿಂದ ದೊಡ್ಡ ಓದು ಓದಿಕೊಂಡು ಆ ಲ್ಯಾಬಿಗೆ ಬಂದಳು. ಬಣ್ಣವನ್ನೇ ಹಾಕದೆ ಬಣ್ಣ ಬರಿಸುತ್ತೇನೆ ಎಂದಳು. ಗಾಜಿನಂಥ ಪುಡಿಗುಂಡುಗಳು, ಒಂದೊಂದೂ ತಲೆಗೂದಲ ದಪ್ಪದಲ್ಲಿ ಮುನ್ನೂರನೇ ಒಂದು ಪಾಲು. ಅವನ್ನು ನೀರಿನಲ್ಲಿ ಕದಡಿ ತಟ್ಟೆಯಲ್ಲಿಟ್ಟರೆ, ನೀರು ಆರುತ್ತಾ ಆರುತ್ತಾ ಗುಂಡುಗಳು ತಾವಾಗಿಯೇ ಸಾಲು ಹಿಡಿದು ಕೂರುತ್ತವಂತೆ. ಸಾಲು ನೆಟ್ಟಗಿದ್ದರೆ ಅದರ ಮೇಲೆ ಬಿದ್ದ ಬೆಳಕು ನವಿಲುಗರಿಯ ಹಸಿರಾಗಿ ಕಾಣುತ್ತದಂತೆ. ಯಾರೂ ಜೋಡಿಸಬೇಕಾಗಿಲ್ಲ. ಮ್ಯಾನೇಜರ್ ಭೈರೇಶನಿಗೆ ಈ ಕೊನೆಯ ಮಾತು ಬಹಳ ಹಿಡಿಸಿತು. ಜೋಡಿಸುವವರೇ ಇಲ್ಲದಿದ್ದರೆ ಯೂನಿಯನ್ನೂ ಇರುವುದಿಲ್ಲವಲ್ಲ.

ಆದರೆ ಗುಂಡುಗಳಿಗೆ ಅಷ್ಟು ಶಿಸ್ತು ಇರಲಿಲ್ಲ. ಆರು ತಿಂಗಳು ಪ್ರತಿ ಸಂಜೆ ತಟ್ಟೆ ಇಟ್ಟದ್ದೇ ಇಟ್ಟದ್ದು, ಬೆಳಿಗ್ಗೆ ಸಿಗುತ್ತಿದ್ದದ್ದು ಬಿರುಕು ಬಿಟ್ಟ ಬಿಳಿ ಹಕ್ಕಳೆ. ಶ್ರೀವಿದ್ಯಾ ಬಚ್ಚಲಿಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬರುತ್ತಿದ್ದಳು. ಬಚ್ಚಲು ತೊಳೆಯುವ ಮುನಿರತ್ನಮ್ಮನಿಗೆ ಮಾತ್ರ ಅದು ಗೊತ್ತಿತ್ತು.

ಅವರೆಕಾಯಿ ಕಾಲದ ಒಂದು ಸಂಜೆ ಬೀಗ ಹಾಕಲು ಹೋದವಳು ನೋಡಿದಳು: ಏಸಿ ಗಾಳಿ ನೇರವಾಗಿ ತಟ್ಟೆಯ ಮೇಲೇ ಬೀಸುತ್ತಿದೆ. ಹಾಲಿಗೆ ಹೆಪ್ಪು ಹಾಕಿ ಹೀಗೆ ಬಟಾಬಯಲಲ್ಲಿ ಬಿಟ್ಟಿದ್ದರೆ ಅವಳ ಅತ್ತೆ ಏಳು ತಲೆಮಾರು ಎತ್ತಿ ಆಡುತ್ತಿದ್ದಳು. ಮುನಿರತ್ನಮ್ಮನಿಗೆ ತಡೆಯಲಾಗಲಿಲ್ಲ. ಬಟ್ಟೆ ಒದ್ದೆ ಮಾಡಿ ಹಿಂಡಿ, ಸಿಂಬಿಯ ಹಾಗೆ ಸುತ್ತಿ ತಟ್ಟೆಯ ಸುತ್ತ ಇಟ್ಟಳು. ಊಟದ ಸ್ಟೀಲ್ ಬೋಗುಣಿಯನ್ನು ಅದರ ಮೇಲೆ ಬೋರಲು ಹಾಕಿದಳು. ತಟ್ಟೆಗೆ ಕೈ ತಾಗಿಸಲಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಬೆಳಿಗ್ಗೆ ಬೋಗುಣಿ ಎತ್ತಿದರೆ ಹಸಿರು! ಮುನಿರತ್ನಮ್ಮ ಬೋಗುಣಿಯನ್ನೂ ಬಟ್ಟೆಯನ್ನೂ ಚೀಲಕ್ಕೆ ತುರುಕಿ, ಪೊರಕೆ ಹಿಡಿದು ಏನೂ ಅರಿಯದವಳಂತೆ ನಿಂತಳು.

ಶ್ರೀವಿದ್ಯಾ ಕುಣಿದಳು. ಭೈರೇಶ್ ಕುಣಿಯಲಿಲ್ಲ, ಪಟ್ಟಿ ಮಾಡಿ ಎಂದ. ನಿನ್ನೆ ಇಲ್ಲಿ ಏನೇನಿತ್ತು, ಏನೇನಾಯಿತು, ಒಂದೂ ಬಿಡಬಾರದು. ಪಟ್ಟಿ ನಲವತ್ತೊಂದಕ್ಕೆ ಬಂತು. ಶ್ರೀವಿದ್ಯಾ ಮೆರೂನ್ ಚೂಡಿದಾರ ಹಾಕಿದ್ದಳು. ಮಧ್ಯಾಹ್ನ ಎರಡು ಸಲ ಕರೆಂಟ್ ಹೋಗಿತ್ತು. ಭೈರೇಶ್ ಮುದ್ದೆ, ಅವರೆಕಾಳು ಸಾರು ಉಂಡಿದ್ದ. ಟ್ಯೂಬ್‌ಲೈಟಿನ ಹಿಂದೆ ಒಂದು ಹಲ್ಲಿಯಿತ್ತು. ಇಷ್ಟೆಲ್ಲ ಬರೆದವರಿಗೆ ಕಸ ಗುಡಿಸುವವಳೊಬ್ಬಳು ಇದ್ದದ್ದು ನೆನಪಾಗಲಿಲ್ಲ. ಕಿಟಕಿ ಒರೆಸುತ್ತಾ ಕೇಳಿಸಿಕೊಂಡ ಮುನಿರತ್ನಮ್ಮನಿಗೆ ಸದ್ಯ ಬದುಕಿದೆ ಅನ್ನಿಸಿತು. ಹಲ್ಲಿಗಿಂತ ಕಡೆಯಾದೆನಲ್ಲ ಎಂದು ಸಂಕಟವೂ ಆಯಿತು.

ಅಂದಿನಿಂದ ಲ್ಯಾಬಿನಲ್ಲಿ ನಿಜವಾದ ಸಂಶೋಧನೆ ಶುರುವಾಯಿತು. ಶ್ರೀವಿದ್ಯಾಗೆ ದಿನವೂ ಅದೇ ಚೂಡಿದಾರ. ಮಧ್ಯಾಹ್ನ ಎರಡು ಸಲ ಮೇನ್ ಸ್ವಿಚ್ ಆರಿಸಬೇಕು. ಹಲ್ಲಿಯನ್ನು ಓಡಿಸಬಾರದೆಂದು ಗೋಡೆಗೆ ಚೀಟಿ ಅಂಟಿತು. ಆ ಹುಡುಗಿ ಮತ್ತೆ ಅಳಬಾರದೆಂದು ಮುನಿರತ್ನಮ್ಮ ದಿನವೂ ಸಂಜೆ ಗುಟ್ಟಾಗಿ ಬೋಗುಣಿ ಮುಚ್ಚಿದಳು, ದಿನವೂ ಬೆಳಿಗ್ಗೆ ಹಸಿರು ಬಂತು. ಒಂದು ದಿನ ಮಾತ್ರ ಅವಳು ರಜ ಹಾಕಿ ಗಂಡನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು, ಮಾರನೆಯ ದಿನ ತಟ್ಟೆ ಸುಣ್ಣ ಬಳಿದ ಹಾಗಿತ್ತು. ವಿಚಾರಣೆ ನಡೆದು, ಭೈರೇಶ್ ಹಿಂದಿನ ದಿನ ಕದ್ದು ಚಪಾತಿ ತಿಂದದ್ದು ಪತ್ತೆಯಾಯಿತು.

"ಸಾರ್, ನೀವೇ ಹೀಗೆ ಮಾಡಿದ್ರೆ?" ಎಂದಳು ಶ್ರೀವಿದ್ಯಾ, ಕಣ್ಣಲ್ಲಿ ನೀರು ತುಂಬಿಕೊಂಡು.

"ಹದಿನೇಳು ದಿನ ಆಯ್ತು ಕಣಮ್ಮಾ ಅವರೆಕಾಳು! ಹೊಟ್ಟೆ ಉಬ್ಬರಿಸ್ಕೊಂಡು ಸಾಯ್ತಾ ಇದೀನಿ," ಎಂದ ಭೈರೇಶ್.

ಅಷ್ಟರಲ್ಲಿ ಚೆನ್ನೈ ಹೆಡ್ಡಾಫೀಸಿನ ಯಜಮಾನರು ಗುರುವಾರ ಬಣ್ಣ ನೋಡಲು ಬರುತ್ತಾರೆಂದು ಸುದ್ದಿ ಬಂತು. ಬಣ್ಣ ಬಂದರೆ ಲ್ಯಾಬು ಉಳಿಯುತ್ತದೆ, ಇಲ್ಲವಾದರೆ ಲ್ಯಾಬಿಗೂ ಬೀಗ, ಶ್ರೀವಿದ್ಯಾಗೂ ಗಂಟುಮೂಟೆ. ಶಿಸ್ತು ಕಾಣಲಿ ಎಂದು ಭೈರೇಶ್ ಅಪ್ಪಣೆ ಕೊಟ್ಟ: ಬುಧವಾರ ಗುಡಿಸುವವರೆಲ್ಲ ಮೂರು ಗಂಟೆಗೇ ಮನೆಗೆ ಹೋಗಬೇಕು. ಮುನಿರತ್ನಮ್ಮ ಲೆಕ್ಕ ಹಾಕಿದಳು. ಬಾಯಿ ಬಿಟ್ಟರೆ ಗಂಡನ ಮಾತ್ರೆ ಹೋಗುತ್ತದೆ, ಮುಚ್ಚಿಕೊಂಡಿದ್ದರೆ ಆ ಹುಡುಗಿಯ ಬಾಳು. ಬುಧವಾರ ಬೆಳಿಗ್ಗೆ ಹೋಗಿ ಮ್ಯಾನೇಜರ್ ಮುಂದೆ ನಿಂತಳು.

"ಸಾರ್, ನಾಳೆ ಬಣ್ಣ ಬರಲ್ಲ. ದಿನಾ ಬೋಗುಣಿ ಮುಚ್ತಿದ್ದೋಳು ನಾನು. ಮೂರ್ ಗಂಟೆಗೇ ಹೋಗ್ಬುಟ್ರೆ ಯಾರ್ ಮುಚ್ತಾರೆ?"

ಭೈರೇಶ್ ಹೊಟ್ಟೆ ಸವರಿಕೊಂಡ. "ಹಂಗಾದ್ರೆ ನಾನು ಅಷ್ಟು ದಿನ ಅವರೆಕಾಳು ತಿಂದಿದ್ದು?"

"ಅದ್ಯಾಕ್ ತಿಂದ್ರೋ ನಂಗೊತ್ತಿಲ್ಲ ಸಾರ್."

ಭೈರೇಶ್ ಆಗಿಂದಾಗಲೇ ಮೆಮೋ ಟೈಪ್ ಮಾಡಿಸಿದ. ನಿಯಮ ಮೀರಿದ ನಿಮ್ಮನ್ನು ಏಕೆ ಕೆಲಸದಿಂದ ತೆಗೆಯಬಾರದು, ನಾಳೆ ಹನ್ನೊಂದರೊಳಗೆ ಲಿಖಿತ ವಿವರಣೆ ಕೊಡಿ. ಅದನ್ನು ಅವಳ ಕೈಗೆ ಕೊಟ್ಟು, "ಇವತ್ತು ಸಂಜೆ ಮುಚ್ಚಿಟ್ಟೇ ಹೋಗಿ," ಎಂದೂ ಹೇಳಿದ.

ಮೆಮೋ ಹಿಡಿದು ಬಂದ ಮುನಿರತ್ನಮ್ಮನಿಗೆ ವಿವರಣೆ ಬರೆದುಕೊಟ್ಟವಳು ಶ್ರೀವಿದ್ಯಾ. ಬಟ್ಟೆ ಎಷ್ಟು ಹಿಂಡಬೇಕು, ಬೋಗುಣಿಗೆ ಎಷ್ಟು ಸಂದು ಬಿಡಬೇಕು, ಮೇಜು ಯಾಕೆ ಅಲ್ಲಾಡಬಾರದು, ಎಲ್ಲವನ್ನೂ ಕೇಳಿ ಕೇಳಿ ಬರೆದಳು. ಬರೆಯುತ್ತಾ ಅವಳ ಕಣ್ಣು ದೊಡ್ಡದಾಯಿತು. ಗಾಳಿ ನಿಂತು ನೀರು ನಿಧಾನ ಆರಿದರೆ ಗುಂಡುಗಳಿಗೆ ಜಾಗ ಹುಡುಕಿಕೊಳ್ಳಲು ಪುರಸೊತ್ತು ಸಿಗುತ್ತದೆ, ಇಷ್ಟೇ! ಕೊನೆಯಲ್ಲಿ, ಇಂಥ ಕಾಗದಗಳಲ್ಲಿ ಬರೆಯುವಂತೆ, 'ನನ್ನಿಂದ ತಪ್ಪಾಗಿದೆ, ಕ್ಷಮಿಸಬೇಕು' ಎಂದು ಸೇರಿಸಿ ಓದಿ ಹೇಳಿದಳು. ಮುನಿರತ್ನಮ್ಮ ರುಜು ನಾಳೆ ಹಾಕ್ತೀನಿ ಎಂದು ಎದ್ದುಬಿಟ್ಟಳು.

ಗುರುವಾರ ತಟ್ಟೆ ಹಸಿರಾಗಿ ಹೊಳೆಯಿತು. ಯಜಮಾನರು ಖುಷಿಯಾಗಿ, ಮಾಡುವ ಕ್ರಮ ಬರೆದಿಟ್ಟ ಕಾಗದ ಎಲ್ಲಿ ಎಂದು ಕೇಳಿದರು. ಭೈರೇಶ್ ಪಟ್ಟಿ ತೆಗೆದ, ಅವರೆಕಾಳು ಕಣ್ಣಿಗೆ ಬಿದ್ದದ್ದೇ ಮಡಚಿ ಜೇಬಿಗೆ ಹಾಕಿಕೊಂಡ. ಶ್ರೀವಿದ್ಯಾ ಮೆಮೋಗೆ ಬರೆದ ಉತ್ತರವನ್ನೇ ಮುಂದಿಟ್ಟು ತನಗೆ ಬಂದಷ್ಟು ತಮಿಳಿನಲ್ಲಿ ಓದಿ ಹೇಳಿದಳು. ಯಜಮಾನರು ತಲೆದೂಗಿ, ಇದನ್ನೇ ಫೈಲಿಗೆ ಹಾಕಿ, ಆದರೆ ರುಜುವೇ ಇಲ್ಲವಲ್ಲ ಎಂದರು.

ಮುನಿರತ್ನಮ್ಮನಿಗೆ ಕರೆ ಹೋಯಿತು. "ಬೇಗ ರುಜು ಹಾಕಮ್ಮಾ, ಮೆಮೋ ವಾಪಸ್ ತಗೋತೀನಿ," ಎಂದು ಭೈರೇಶ್ ಪಿಸುಗುಟ್ಟಿದ.

ಅವಳು ಪೆನ್ನು ಹಿಡಿಯಲಿಲ್ಲ. "ಮೇಡಂ, ತಪ್ಪಾಗೈತೆ ಅಂತ ಬರ್ದಿದ್ರಲ್ಲ, ಆ ಸಾಲು ಎಲ್ಲೈತೆ?"

ಶ್ರೀವಿದ್ಯಾ ಬೆರಳಿಟ್ಟು ತೋರಿಸಿದಳು.

"ಅದ್ನ ಹೊಡ್ದಾಕಿ. ಆಮೇಲ್ ಹಾಕ್ತೀನಿ."

ಭೈರೇಶನೇ ಬಗ್ಗಿ ಆ ಸಾಲಿನ ಮೇಲೆ ಗೀಟು ಎಳೆದ. ಮುನಿರತ್ನಮ್ಮ ಸೆರಗಿಗೆ ಕೈ ಒರೆಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ, ಇನಿಷಿಯಲ್ ಸಮೇತ ತನ್ನ ಹೆಸರು ಬರೆದಳು.