ನಮ್ಮವರಿಲ್ಲದ ಊರು

ಎಂ.ಎಸ್ಸಿ ಮುಗಿಸಿ ಹಾನಗಲ್ಲಿಗೆ ಮರಳಿದ ವರ್ಷ ನನಗೆ ಗುಂಪಿನ ಭಯ ಶುರುವಾಯಿತು. ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆಯ ಊಟದ ಸಾಲಿನಲ್ಲಿ ಎದೆ ಬಡಿದುಕೊಳ್ಳುತ್ತಿತ್ತು, ಬೆರಳುಗಳು ಮರಗಟ್ಟುತ್ತಿದ್ದವು. ಸಿಕ್ಕಿದ್ದ ಉಪನ್ಯಾಸಕಿಯ ಕೆಲಸಕ್ಕೆ ಸೇರಲು ಒಂದೇ ತಿಂಗಳು ಉಳಿದಿತ್ತು. ನಾನು ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದೆ.

ಮನಸ್ಸಿನ ಡಾಕ್ಟರಿಗೆ ತೋರಿಸಬೇಕೆಂದು ಮೊದಲು ಹೇಳಿದವಳು ಅವ್ವನೇ. ನಮ್ಮೂರ ಸರಕಾರಿ ಆಸ್ಪತ್ರೆ ಮನೆಯಿಂದ ಹತ್ತು ನಿಮಿಷದ ದಾರಿ. ಆದರೆ ಅಲ್ಲಿಗೆ ಹೋಗಲು ಅವಳೇ ಒಪ್ಪಲಿಲ್ಲ.

"ಇಲ್ಲಿ ಬ್ಯಾಡವಾ. ಸವಣೂರಾಗ ನನ್ನ ತವರಮನಿ, ಶಿಗ್ಗಾಂವಿಯೊಳಗ ನಿಮ್ಮ ಅತ್ತಿ. ಹಿರೇಕೆರೂರಾಗ ನಮ್ಮವ್ರು ಯಾರೂ ಇಲ್ಲ. ಅಲ್ಲೇ ಹೋಗೂಣು."

ಬಸ್ಸಿಗೆ ಹೆದರುವವಳನ್ನು ಬಸ್ಸಿನಲ್ಲೇ ಕರೆದೊಯ್ಯುತ್ತಿದ್ದೇವೆಂದು ಇಬ್ಬರಿಗೂ ಹೊಳೆಯಲಿಲ್ಲ. ದಾರಿಯಲ್ಲಿ ಎರಡು ಸಲ ಇಳಿದು, ಮುಂದಿನ ಬಸ್ಸಿಗೆ ಕಾದು, ಮಧ್ಯಾಹ್ನ ತಲುಪಿದೆವು. ಆಸ್ಪತ್ರೆಯ ಬೆಂಚಿನ ಮೇಲೆ ಮಗಳೊಂದಿಗೆ ಕುಳಿತಿದ್ದ ಹೆಂಗಸನ್ನು ಅವ್ವ ಮಾತನಾಡಿಸಿದಳು.

"ಇದೇ ಊರೇನ್ರಿ?"

"ಇಲ್ರಿ, ಶಿಗ್ಗಾಂವಿ. ನೀವು?"

"ಹಾನಗಲ್ಲ."

"ಅಲ್ಲೇ ದವಾಖಾನಿ ಐತೆಲ್ರಿ?"

"ನಿಮ್ಮಲ್ಲೂ ಐತೆಲ್ರಿ?"

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಅಲ್ಲಿ ಎಲ್ಲಾರೂ ನಮ್ಮವ್ರ ಅದಾರ್ರಿ. ಅದಕ್ಕ."

ಒಳಗೆ ಆಪ್ತಸಮಾಲೋಚಕಿ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ನಡುವೆ ಒಮ್ಮೆಯೂ ಗಡಿಯಾರ ನೋಡಲಿಲ್ಲ. ಬಳಿಕ ಅವ್ವನ ಕಡೆ ತಿರುಗಿದರು.

"ಇದು ಕಡಿಮಿ ಆಗೋ ತ್ರಾಸ ಐತ್ರಿ. ಆದ್ರ ವಾರಾ ವಾರಾ ಬರಬೇಕು. ಇಷ್ಟು ದೂರ ಬಸ್ಸಿನ್ಯಾಗ ಬರೂದು ಈಕಿಗೆ ಈಗ ಆಗೂದಿಲ್ಲ. ಗುರುವಾರ ನಾನ ಹಾನಗಲ್ಲಿನ್ಯಾಗ ಇರ್ತೇನ್ರಿ. ಮುಂದಿಂದು ನೀವ ವಿಚಾರ ಮಾಡ್ರಿ."

ಗುರುವಾರ ಬೆಳಿಗ್ಗೆ ಅವ್ವ ಒಳ್ಳೆಯ ಸೀರೆಯುಟ್ಟು, ನನ್ನ ಕೈಹಿಡಿದು, ಮನೆಯ ಹಿಂದಿನ ಸಂದಿಯ ದಾರಿಯನ್ನು ಬಿಟ್ಟು ಪೇಟೆಯ ನಡುವೆಯೇ ಹೊರಟಳು. ಆಸ್ಪತ್ರೆಯ ಗೇಟಿನಲ್ಲಿ ನಮ್ಮ ಓಣಿಯ ಹೆಂಗಸೊಬ್ಬಳು ಎದುರಾದಳು.

"ಯಾರಿಗೆ ಆರಾಮಿಲ್ರಿ ಅಕ್ಕಾರ?"

ಪರೀಕ್ಷೆಯ ಅಂಕಗಳನ್ನೂ ಹೊರಗೆ ಹೇಳದ ಮನೆ ನಮ್ಮದು. ನಾನು ನೆಲ ನೋಡಿದೆ.

"ಮಗಳಿಗೆ ಅಂಜಿಕಿ ಭಾಳ ಆಗೇತಿ. ಮನಸ್ಸಿನ ಡಾಕ್ಟರ್ ಕಡೆ ಹೊಂಟೇವಿ. ಇನ್ನ ವಾರಾ ವಾರಾ ಬರ್ತೇವಿ."

"ಅಯ್ಯ, ಇಷ್ಟು ಓದಿದಾಕಿಗೆ ಎಂಥಾ ಅಂಜಿಕಿರಿ!"

"ಯಾಕ, ಓದಿದವ್ರಿಗೆ ಜ್ವರ ಬರೂದಿಲ್ಲೇನು?"

ದನಿ ಗಟ್ಟಿಯಾಗಿತ್ತು. ನನ್ನ ಕೈ ಹಿಡಿದಿದ್ದ ಅವಳ ಅಂಗೈ ಮಾತ್ರ ಪೂರ್ತಿ ಬೆವೆತಿತ್ತು, ನನ್ನದಕ್ಕಿಂತ ಹೆಚ್ಚು.

ಕಾಲೇಜಿನವರು ಇನ್ನೊಂದು ತಿಂಗಳು ಕಾದರು. ನಾನು ಸೇರಿದೆ. ಗುರುವಾರ ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಈಗ ಒಬ್ಬಳೇ ಹೋಗುತ್ತೇನೆ. ಗೇಟಿನಲ್ಲಿ ಆಡಿದ ಆ ಮಾತಿನ ಬಗ್ಗೆ ಅವ್ವನ ಹತ್ತಿರ ನಾನು ಏನೂ ಹೇಳಿಲ್ಲ. ಎದುರಿಗೆ ಹೊಗಳುವ ರೂಢಿ ನಮ್ಮಿಬ್ಬರಿಗೂ ಇಲ್ಲ.