ಮಾವಶಿ ಖಾತ್ರಿ ಕೊಡಲಿಲ್ಲ

ಚೆಂಡಿಯಾ ಊರಿನ ನಮ್ಮ ಜಮೀನು ನೌಕಾನೆಲೆಗೆ ಹೋದ ಮೇಲೆ ನಮಗೆ ಸಿಕ್ಕಿದ ಪುನರ್ವಸತಿ ಮನೆಯ ಪಕ್ಕದಲ್ಲೇ ಒಬ್ಬ ಕ್ರಿಸ್ತುವ ವಿಧವೆ ಇದ್ದರು. ಕೇರಿಗೆಲ್ಲ ಅವರು ಮಾವಶಿ, ಅಂದರೆ ಚಿಕ್ಕಮ್ಮ. ನನ್ನ ಅತ್ತೆ ಹಾಸಿಗೆ ಹಿಡಿದಾಗ, ನಾನು ಕಾರವಾರದ ಕಚೇರಿಗೆ ಬಸ್ಸು ಹತ್ತಿದ ಮೇಲೆ ಅವರ ಮೈ ಒರೆಸಿ ಗಂಜಿ ಕುಡಿಸುತ್ತಿದ್ದವರು ಇವರೇ. ಕುಡಿಸಿ ಆದ ಮೇಲೆ "ದೇವ್ ಬರೆಂ ಕರುಂ" ಎನ್ನುತ್ತಿದ್ದರು. ದೇವರು ಒಳ್ಳೆಯದು ಮಾಡಲಿ ಎಂದು ಕೊಂಕಣಿಯಲ್ಲಿ ಉಪಕಾರ ಪಡೆದವರು ಹೇಳುವ ಮಾತು ಅದು. ಮಾಡಿದವರೇ ಹೇಳಿದರೆ ಹೇಗೆ ಎಂದು ನಾನು ಕೇಳಿದರೆ, "ಮಾಡೂಕೆ ಕೊಟ್ರಲ್ಲ, ಅದಕ್ಕೆ" ಎಂದುಬಿಡುತ್ತಿದ್ದರು.

ನನಗೋ ಸುಮ್ಮನಿರಲು ಬಾರದು. "ಮಾವಶಿ, ನಿಮ್ಮ ಪುಣ್ಯದ ಕೊಡ ತುಂಬಿ ತುಳುಕ್ತಾ ಅದೆ. ಸ್ವರ್ಗದಲ್ಲಿ ಸೀಟು ಕನ್ಫರ್ಮ್ ಬಿಡಿ" ಎಂದೆ ಒಮ್ಮೆ.

"ಸಂಜಿಗೆ ಕೂಲಿ ಕೇಳೂಕೆ ಇದೇನು ಗದ್ದೆ ಕೆಲ್ಸವಾ ತಂಗಿ? ಸ್ವರ್ಗ ದೇವ್ರು ಪುಕ್ಕಟೆ ಕೊಟ್ಟದ್ದು. ಕೊನೆವರಿಗೂ ನಾ ಅದನ್ನ ಕಳ್ಕೊಳ್ದೆ ಇದ್ರೆ ಆಯ್ತು."

ಕಳೆದ ಮಳೆಗಾಲದಲ್ಲಿ ಮಾವಶಿಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು. ಅಂಕೋಲೆಯಿಂದ ಮಗಳ ಗಂಡ ಬಂದು ಉಳಿದ. ಮಾವಶಿಯ ಇಗರ್ಜಿ, ಅಂದರೆ ಹಳೆಯ ಚರ್ಚು, ಬಿಟ್ಟು ಬೇರೊಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದ ಅವನದು ಒಂದೇ ಹಟ: ದೇವರಲ್ಲಿ ವಿಶ್ವಾಸ ಇಟ್ಟ ಗಳಿಗೆಗೇ ರಕ್ಷಣೆ, ಅಂದರೆ ಸ್ವರ್ಗ, ಖಾತ್ರಿ; 'ನನಗೆ ಸಿಕ್ಕಾಯಿತು' ಎಂದು ಒಂದು ಮಾತು ಹೇಳಿ, ಹೆದರಿಕೆ ಹೋಗುತ್ತದೆ. ಹೇಳುವಾಗ ಅವನ ಕಣ್ಣಲ್ಲಿ ನೀರು. ಒಳ್ಳೆಯ ಹುಡುಗ. ಮಾವಶಿ ಒಲ್ಲೆನೆಂದು ತಲೆ ಅಲ್ಲಾಡಿಸಿದರು. ಅವನು ಗಂಜಿ ತರಲು ಒಳಗೆ ಹೋದಾಗ ನನಗೆ ಸಿಟ್ಟೇ ಬಂತು.

"ಹೇಳಿಬಿಟ್ರೆ ನಿಮ್ಮ ಗಂಟೇನು ಹೋಗ್ತದೆ ಮಾವಶಿ?"

"ದೇವ್ರ ಮೇಲೆ ಭರವಸೆ ಅದೆ. ಖಾತ್ರಿ ಕೊಡೂಕೆ ನಾ ಯಾರು? ಅಂವ ಕೈ ಬಿಡೂದಿಲ್ಲ. ಬಿಟ್ರೆ ನಾನೇ ಬಿಡೂದು." ಮಾತು ತೊದಲುತ್ತಿತ್ತು. ಬಿದ್ದ ಕೈಯನ್ನು ಎಡಗೈಯಿಂದ ಸವರುತ್ತ ಅಂದರು: "ಹೆದ್ರಿಕೆ ಆಗ್ತದೆ ತಂಗಿ. ಕೈ ಬಿತ್ತು. ಇನ್ನು ಯಾರಿಗೂ ಎಂತದೂ ಮಾಡೂಕೆ ಆಗೂದಿಲ್ಲ."

ಊರಿಗೆಲ್ಲ ಉಣಿಸಿದ ಹೆಂಗಸು ತಾವು ಮಾತ್ರ ಯಾರ ಕೈಯಿಂದಲೂ ಉಂಡವರಲ್ಲ. ಕೈ ಬಿದ್ದ ದಿನದಿಂದ ಎಡಗೈಯಲ್ಲೇ ಚೆಲ್ಲಿಕೊಂಡು ಉಣ್ಣುತ್ತಿದ್ದರು, ಅಳಿಯ ಹತ್ತಿರ ಬಂದರೆ ಬಟ್ಟಲನ್ನು ಎದೆಗವುಚಿಕೊಳ್ಳುತ್ತಿದ್ದರು.

ಅಳಿಯ ಗಂಜಿ ತಂದ. ಮಾವಶಿ ಅವನನ್ನೇ ನೋಡುತ್ತಿದ್ದರು. ಆಮೇಲೆ ಬಟ್ಟಲಿಗೆ ಚಾಚಿದ ಎಡಗೈ ಹಿಂದೆ ತೆಗೆದು ಮಡಿಲಲ್ಲಿಟ್ಟುಕೊಂಡು ಬಾಯಿ ತೆರೆದರು. ಅವನು ಒಂದೊಂದೇ ಚಮಚ ಕುಡಿಸಿದ, ಗಲ್ಲ ಒರೆಸಿದ. ಬಟ್ಟಲು ಬರಿದಾದ ಮೇಲೆ, ಯಾರೂ ಹೇಳಿಕೊಡದೆ, "ದೇವ್ ಬರೆಂ ಕರುಂ" ಎಂದ.

ಮಾವಶಿ ನನ್ನ ಕಡೆ ತಿರುಗಿ ಅರ್ಧ ಬಾಯಲ್ಲೇ ನಕ್ಕರು.

"ನೋಡು ತಂಗಿ, ಮಾಡೂಕೆ ಕೊಡೂ ಕೆಲ್ಸ ಇನ್ನೂ ಅದೆ ನಂಗೆ."