ಮಾವ ಒಪ್ಪಿದ ಫೋಟೋದವಳು

ಮದುವೆ ಆಲ್ಬಮ್ಮಿನ ಡಬ್ಬ ತೆರೆದಾಗ ಒಂದು ವಾಸನೆ ಬರುತ್ತದೆ, ನಿಮಗೂ ಗೊತ್ತಿರಬೇಕು. ಹೊಸ ಚಪ್ಪಲಿಯ ಅಂಗಡಿಯಲ್ಲಿ ಯಾರೋ ಸೆಂಟು ಚೆಲ್ಲಿದ ಹಾಗಿರುತ್ತದೆ. ನಿನ್ನೆ ಸಂಜೆ ಪಕ್ಕದ ಮನೆಯ ರತ್ನಕ್ಕ ನಮ್ಮಕ್ಕ ಮಂಜುಳನ ಮದುವೆಯ ಆಲ್ಬಮ್ ತೆಗೆಸಿದಾಗ ಆ ವಾಸನೆ ತಾಂಡವಪುರದ ನಮ್ಮ ನಡುಮನೆಯನ್ನೆಲ್ಲ ತುಂಬಿಕೊಂಡಿತು.

"ನಮ್ ಹುಡ್ಗೀಗೂ ಮದ್ವೆ ಗೊತ್ತಾಯ್ತು ಕಣಪ್ಪ. ದುಡ್ಡು ಕಮ್ಮಿ ಆಗ್ಬೇಕು, ಫೋಟೋ ಚೆಂದ ಬರ್ಬೇಕು. ಅಂತೋರು ಯಾರಾರ ಅವ್ರಾ?" ಎಂದಳು ರತ್ನಕ್ಕ.

ಇದ್ದಾರೆ. ಆದರೆ ಹೆಸರು ಹೇಳುವ ಮೊದಲು ನಮ್ಮ ಚಿಕ್ಕಣ್ಣ ಮಾವನ ಕಥೆ ಹೇಳಬೇಕು. ನೀವೂ ಕೂತುಕೊಳ್ಳಿ, ಕಾಫಿ ಬರುತ್ತದೆ.

ಚಿಕ್ಕಣ್ಣ ಮಾವ ಅಮ್ಮನ ತಮ್ಮ. ಸೋಮನಾಥಪುರದಲ್ಲಿ ಬತ್ತ ಬೆಳೆಯುತ್ತಾನೆ. ಅಪ್ಪ ಅಮ್ಮನ ಮದುವೆಯಾದಾಗ ಅವನಿಗೆ ಹದಿನೆಂಟು. ಹೊಸ ಅಂಗಿ, ಮುಖಕ್ಕೆ ಅರ್ಧ ಡಬ್ಬ ಪೌಡರು, ಅಕ್ಕನ ಪಕ್ಕ ನಿಂತು ಫೋಟೋ ತೆಗೆಸಿಕೊಂಡ. ಫ್ಲ್ಯಾಶ್ ಪಳ್ ಎಂದಿತು. ತಿಂಗಳು ಕಳೆದು ಆಲ್ಬಮ್ ಬಂತು. ಅದರಲ್ಲಿ ಶಾಮಿಯಾನದ ಕಂಬ ಇತ್ತು, ಯಾರದೋ ಮನೆಯ ನಾಯಿ ಇತ್ತು, ಮಾವ ಇರಲಿಲ್ಲ. ರೀಲು ಆಗಲೇ ಮುಗಿದಿತ್ತಂತೆ. 'ಮುಗೀತು' ಅಂದರೆ ನೆಂಟರು ಬೇಜಾರಾಗುತ್ತಾರಲ್ಲ, ಅದಕ್ಕೆ ಆ ಫೋಟೋದ ಪುಣ್ಯಾತ್ಮ ಕೊನೆಯ ಇಪ್ಪತ್ತು ಜನಕ್ಕೆ ಖಾಲಿ ಫ್ಲ್ಯಾಶ್ ಹೊಡೆದು ಕಳಿಸಿದ್ದ.

ಅಂದಿನಿಂದ ಮಾವ ಯಾರ ಫೋಟೋಕ್ಕೂ ನಿಂತವನಲ್ಲ. ನಾಮಕರಣವಿರಲಿ, ಗೃಹಪ್ರವೇಶವಿರಲಿ, ಕೆಲಸಕ್ಕೆ ಎಲ್ಲರಿಗಿಂತ ಮುಂದೆ. ಕ್ಯಾಮೆರಾ ಕಂಡ ತಕ್ಷಣ ಪಂಚೆ ಎತ್ತಿ ಕಟ್ಟಿ, "ಇರಿ ಇರಿ, ಸಾರು ನೋಡ್ಬುಟ್ ಬತ್ತೀನಿ" ಎಂದು ಅಡುಗೆಮನೆ ಕಡೆ ಪರಾರಿ. ಇದನ್ನು ನಾನು ಏಳನೇ ವಯಸ್ಸಿನಿಂದಲೂ ಅಣಕಿಸಿ ತೋರಿಸಿ ಮನೆಯವರನ್ನೆಲ್ಲ ನಗಿಸುತ್ತ ಬಂದಿದ್ದೇನೆ. ನನಗೆ ಬರುವ ವಿದ್ಯೆ ಅದೊಂದೇ. ಗಣಿತದ ಮೇಷ್ಟರನ್ನು ಅವರಿಗಿಂತ ಚೆನ್ನಾಗಿ ಅನುಕರಿಸುತ್ತಿದ್ದೆ. ಗಣಿತ ಮಾತ್ರ ಬರಲಿಲ್ಲ.

ಅಕ್ಕನ ಮದುವೆ ನಿಶ್ಚಯವಾದಾಗ ತೊಡಕು ಶುರುವಾಯಿತು. ಹೆಣ್ಣನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. "ಕರ್ಕ ಬತ್ತೀನಿ. ಫೋಟೋಕ್ ಮಾತ್ರ ನಿಲ್ಲಕಿಲ್ಲ. ಮಂಟಪದ ತಾವ ಬುಟ್ಟು ಓಯ್ತೀನಿ" ಎಂದ ಮಾವ.

"ನೀನಿಲ್ದೇ ಇರೋ ಫೋಟೋ ನಂಗೆ ಒಂದೂ ಬ್ಯಾಡ ಮಾವ" ಎಂದು ಅಕ್ಕ ಮುಖ ಊದಿಸಿದಳು. ಆಮೇಲೆ ಅವಳೇ ದಾರಿ ಹುಡುಕಿದಳು: "ಫೋಟೋದವ್ರನ್ನ ನೀನೇ ಆರ್ಸು. ನಿಂಗೆ ನಂಬ್ಕೆ ಬಂದೋರು ತೆಗೀಲಿ."

ಹಾಗೆ ಒಂದು ಭಾನುವಾರ ನನ್ನ ಬೈಕಿನ ಹಿಂದೆ ಮಾವ, ಜೇಬಿನಲ್ಲಿ ಅಪ್ಪನ ಖರ್ಚಿನ ಪಟ್ಟಿ. ಆ ಪಟ್ಟಿಯಲ್ಲಿ ಫೋಟೋದವರ ಸ್ಥಾನ ಬಾಳೆಎಲೆಗಿಂತ ಕೆಳಗೆ, ತಾಂಬೂಲದ ಚೀಲಕ್ಕಿಂತ ಸ್ವಲ್ಪ ಮೇಲೆ.

ಮೊದಲು ನಂಜನಗೂಡಿನಲ್ಲಿ ಎಸಿ ಹಾಕಿದ ಸ್ಟುಡಿಯೋ. ಆಲ್ಬಮ್ಮಿನಲ್ಲಿ ಒಂದು ಜೋಡಿ ಚಂದ್ರನ ಮೇಲೆ ಕೂತಿತ್ತು, ಇನ್ನೊಂದು ಹಿಮದಲ್ಲಿ ರೇಷ್ಮೆ ಸೀರೆ ಉಟ್ಟು ನಡುಗದೆ ನಿಂತಿತ್ತು. "ಡ್ರೋನ್ ಹಾಕ್ಸೋಣ್ವಾ ಸಾ? ಮೇಲಿಂದ ಸೂಪರಾಗಿ ಬರ್ತದೆ" ಎಂದ ಮಾಲೀಕ.

"ಮೇಲಿಂದ ನೋಡುದ್ರೆ ನನ್ ಬೋಳ್ತಲೆ ಕಾಣ್ತದೆ, ಇನ್ನೇನ್ ಕಾಣ್ತದೆ?" ಎಂದು ಮಾವ ಎದ್ದ. ರೇಟು ಕೇಳಿದ ಮೇಲೆ ನಾನೂ ಎದ್ದೆ.

ಮುಂದೆ ನರಸೀಪುರ. ಅಲ್ಲಿದ್ದ ಹುಡುಗ ಕ್ಯಾಂಡಿಡ್ ಪ್ರವೀಣ. 'ಕ್ಯಾಮೆರಾ ನೋಡ್ದೇ ಇರೋ ಥರ ನೋಡಿ, ನಗ್ದೇ ಇರೋ ಥರ ನಗಿ' ಅನ್ನುವ ಜಾತಿಯವನು. ರೇಟು ಹೊಂದುತ್ತಿತ್ತು. ಮಾವ ನಿಧಾನಕ್ಕೆ ಪುಟ ತಿರುಗಿಸುತ್ತ ಬಂದು ಒಂದು ಫೋಟೋದ ಮೂಲೆಯಲ್ಲಿ ಬೆರಳಿಟ್ಟ. ಹೆಣ್ಣುಗಂಡಿನಿಂದ ದೂರದಲ್ಲಿ, ಕುರ್ಚಿಯ ಮೇಲೆ ಒಬ್ಬ ಮುದುಕಿ.

"ಇವ್ರ್ ಯಾರಪ್ಪ?"

"ಗೊತ್ತಿಲ್ಲ ಸಾ. ಡಿಸ್ಟರ್ಬ್ ಆಗ್ತಿದ್ರೆ ಹೇಳಿ, ಕಟ್ ಮಾಡ್ಬೋದು."

ಮಾವ ಆಲ್ಬಮ್ ಮುಚ್ಚಿ, ಕೈಮುಗಿದು ಹೊರಬಂದ.

ವಾಪಸು ಬರುವಾಗ ನನಗೆ ತಡೆಯಲಾಗಲಿಲ್ಲ. ಬೈಕ್ ಓಡಿಸುತ್ತಲೇ ಮಾವನ ಧ್ವನಿಯಲ್ಲಿ, "ಸಾರು ನೋಡ್ಬುಟ್ ಬತ್ತೀನಿ" ಎಂದೆ. ಬೆನ್ನಿಗೆ ಒಂದು ಗುದ್ದು ಬಿತ್ತು. ಆಮೇಲೆ ಮಾವ ಮುಂದಕ್ಕೆ ಬಾಗಿ ಕಿವಿಯ ಹತ್ತಿರ ಹೇಳಿದ:

"ಫೋಟೋ ಇಲ್ಲ ಅಂತಲ್ಲ ಕಣ್ಲಾ. ಅಷ್ಟೊತ್ತು ಅಲ್ಲು ಬುಟ್ಕಂಡು ನಗ್ತಾ ನಿಂತಿದ್ನಲ್ಲ. ಯಾರ್ಗ್ಲಾ ನಕ್ಕಿದ್ದು ನಾನು?"

ಎದುರಿಗೆ ಲಾರಿ ಬರುತ್ತಿದೆ ಎಂದು ನೆಪ ಮಾಡಿ ಹಾರ್ನ್ ಹೊಡೆದೆ.

ಮುಂದಿನ ವಾರ ಕವಲಂದೆಯ ರೂಪ ಸಿಕ್ಕಳು. ಅವಳದು ಜೆರಾಕ್ಸ್ ಅಂಗಡಿ, ಅದರೊಳಗೊಂದು ಪರದೆ, ಪರದೆಯ ಹಿಂದೆ ಪಾಸ್‌ಪೋರ್ಟ್ ಫೋಟೋದ ಸ್ಟೂಲು. ಮದುವೆಗಳನ್ನೂ ತೆಗೆಯುತ್ತಿದ್ದಳು. ಎತ್ತರ ನನ್ನ ಭುಜಕ್ಕೆ ಬಂದರೆ ಹೆಚ್ಚು. 'ಇವಳು ಕುರ್ಚಿ ಹಾಕಿಕೊಳ್ಳದೆ ಏನು ತೆಗೆಯುತ್ತಾಳೆ' ಎಂದು ನಾನು ಒಳಗೇ ಆಡಿಕೊಂಡೆ. ಮಾವ ಅಲ್ಲೂ ಪುಟ ತಿರುಗಿಸಿ, ಮೂಲೆಯೊಂದರಲ್ಲಿ ಬೆರಳಿಟ್ಟ.

"ಇವ್ರ್ ಯಾರವ್ವ?"

"ಅವ್ರಾ? ಉಡ್ಗೀ ಸೋದರತ್ತೆ ಅಪ್ಪಾಜಿ. ಮಂಡಿ ನೋವು, ಸ್ಟೇಜ್ ಅತ್ತಕ್ಕಾಗಲ್ಲ ಅಂದ್ರು. ಅದ್ಕೇ ಎಣ್ಣುಗಂಡ್ನೇ ಕೆಳಿಕ್ ಇಳ್ಸ್‌ದೆ. ಬೈಸ್ಕಂಡೆ, ಆದ್ರೂ ಇಳ್ಸ್‌ದೆ."

ಮಾವ ಅಪ್ಪನ ಪಟ್ಟಿಯನ್ನು ಅವಳ ಕೈಗಿಟ್ಟು, "ಇಷ್ಟ್ರಲ್ ಆಯ್ತದಾ ನೋಡವ್ವ" ಎಂದ. ಅವಳು ನೋಡಿ, "ಎಲೆಗಿಂತ ಕೆಳಿಕ್ ಬರ್ದವ್ರಲ್ಲ ನನ್ನ!" ಎಂದು ನಕ್ಕಳು. ಪುಟ ಕಮ್ಮಿ, ಡ್ರೋನ್ ಇಲ್ಲ, ಚಂದ್ರ ಇಲ್ಲ, ಮನೆಯವರೆಲ್ಲ ಇರುತ್ತಾರೆ ಎಂದಳು. ಆಗಿಹೋಯಿತು.

ಮದುವೆ ದಿನ ನಂಜನಗೂಡಿನ ಛತ್ರ. ಮುಹೂರ್ತದ ಹೊತ್ತಿಗೆ ಮಾವ ಅಕ್ಕನ ಕೈ ಹಿಡಿದು ನಡೆದು ಬಂದ. ಹೊಸ ಅಂಗಿ. ಪೌಡರು ಮಾತ್ರ ಈ ಸಲ ಹದವಾಗಿತ್ತು. ಇನ್ನೇನು ಮಂಟಪದ ಮೆಟ್ಟಿಲು ಹತ್ತಬೇಕು, ನಮ್ಮ ನೆಂಟರೆಲ್ಲ ಎದ್ದು ಮೊಬೈಲ್ ಹಿಡಿದು ಗೋಡೆ ಕಟ್ಟಿದರು. ದೊಡ್ಡಪ್ಪ ಒಂದೊಂದು ಕೈಯಲ್ಲಿ ಒಂದೊಂದು ಹಿಡಿದಿದ್ದ. ಗೋಡೆಯ ಈಚೆ ರೂಪ ಪ್ಲಾಸ್ಟಿಕ್ ಕುರ್ಚಿ ಹತ್ತಿ, "ಸಾ, ಒಸಿ ಕುಂತ್ಕಳಿ ಸಾ! ಅಣ್ಣಾ, ಜರಗಣ್ಣಾ!" ಎಂದು ಅರಚುತ್ತಿದ್ದಳು. ಕೇಳುವವರು ಯಾರು? ಮಾವ ಒಮ್ಮೆ ಅವಳತ್ತ ನೋಡಿದ. ಅವಳು ಕಾಣಲಿಲ್ಲವೆಂದು ತೋರುತ್ತದೆ. ಮುಖದ ನಗು ಇಳಿಯತೊಡಗಿತು.

ನಾನು ಊಟದ ಹಾಲಿನ ಬಾಗಿಲಿಗೆ ಓಡಿದೆ. ಎದೆತುಂಬ ಉಸಿರೆಳೆದು, ಅಡುಗೆ ಕಂಟ್ರಾಕ್ಟರ್ ಮಹದೇವಣ್ಣನ ಒಡಕು ಗಂಟಲಲ್ಲಿ ಕೂಗಿದೆ:

"ಎಲೆ ಆಕಾಯ್ತು! ಮೊದುಲ್ನೇ ಪಂಕ್ತಿ ಬನ್ರಪ್ಪೋ! ಒಬ್ಬಟ್ಟು ಬಿಸಿ ಅದೇ!"

ಮೊಬೈಲ್ ಗೋಡೆ ಕುಸಿಯಿತು. ಅರ್ಧ ಜನ ಕತ್ತು ತಿರುಗಿಸಿದರು, ಅರ್ಧ ಜನ ಕಾಲನ್ನೇ ತಿರುಗಿಸಿದರು. ಮೂವತ್ತು ವರ್ಷದಿಂದ ಕ್ಯಾಮೆರಾ ಕಂಡರೆ ಅಡುಗೆಮನೆಗೆ ಓಡುತ್ತಿದ್ದ ನಮ್ಮ ಮಾವ ಮಾತ್ರ ಅಲುಗಲಿಲ್ಲ. ದಾರಿ ತೆರೆದುಕೊಂಡಿತ್ತು, ಆ ತುದಿಯಲ್ಲಿ ಕುರ್ಚಿಯ ಮೇಲೆ ರೂಪ. "ಅಪ್ಪಾಜಿ, ಇಲ್ಲಿ!" ಎಂದಳು. ಮಾವ ನಕ್ಕ. ಪಳ್ ಎಂದಿತು.

ಅದರ ದಂಡ ನಾನು ತೆತ್ತೆ. ಬರಿಯ ಮೇಜಿನ ಮುಂದೆ ಕೂತ ಅರವತ್ತು ಜನರನ್ನು ನೋಡಿ ಮಹದೇವಣ್ಣ ಸೌಟು ಹಿಡಿದು ನನ್ನನ್ನು ಛತ್ರವೆಲ್ಲ ಸುತ್ತಿಸಿದ. ಆಮೇಲೆ ಅವನು ನಿಜವಾಗಿ ಕೂಗಿದಾಗ, 'ಅದೇ ಕೋತಿ ಕೂಗ್ತಾ ಅದೆ' ಎಂದು ಯಾರೂ ಏಳಲಿಲ್ಲ. ಒಬ್ಬಟ್ಟು ತಣ್ಣಗಾಯಿತು.

ನಿನ್ನೆ ರತ್ನಕ್ಕ ಆ ಪುಟಕ್ಕೆ ಬಂದು ನಿಂತಳು. ಎರಡು ಪುಟ ಸೇರಿಸಿ ಹಾಕಿದ ದೊಡ್ಡ ಫೋಟೋ. ನಡುವೆ ಅಕ್ಕ, ಅವಳ ಕೈ ಹಿಡಿದು ಮಾವ, ಹಲ್ಲು ಬಿಟ್ಟುಕೊಂಡು. ಹಿಂದೆ ಮಂಟಪದ ತೆರೆಯ ಪಕ್ಕದಿಂದ ಇಣುಕಿ ಊಟದ ಹಾಲಿನ ಕಡೆ ನೋಡುತ್ತಿರುವ ಮದುವೆಗಂಡು, ನಮ್ಮ ಭಾವ. ಸುತ್ತ ಎಲ್ಲರ ಕತ್ತೂ ಆ ಕಡೆಗೇ.

"ಎಲ್ಲಾ ಚೆಂದಾಗವ್ರೆ, ನೀನೆಲ್ಲಪ್ಪ?" ಎಂದು ರತ್ನಕ್ಕ ಹಿಂದೆ ಮುಂದೆ ಹುಡುಕಿದಳು. ಇಲ್ಲ. ಊಟದ ಹಾಲಿನ ಬಾಗಿಲಲ್ಲಿದ್ದವನು, ಆಮೇಲೆ ಸೌಟಿಗೆ ಹೆದರಿ ಓಡುತ್ತಿದ್ದವನು, ಯಾವ ಪುಟದಲ್ಲಿ ಸಿಗಲಿ? ಮೊದಲಾಗಿದ್ದರೆ ಇದಕ್ಕೂ ಮಾವನ ಧ್ವನಿ ತೆಗೆದು 'ಸಾರು ನೋಡಕ್ ಓಗಿದ್ದೆ' ಅನ್ನುತ್ತಿದ್ದೆ. ಈಗ ಆ ಅಣಕ ಬಾಯಿಗೆ ಬರುವುದಿಲ್ಲ. ಅದಕ್ಕೆ ಒಡೆಯನಾದವನೇ ಅದನ್ನು ಬಿಟ್ಟಿದ್ದಾನೆ.

ಗೋಡೆಗೊರಗಿ ಕಾಫಿ ಹೀರುತ್ತಿದ್ದ ಮಾವ ಎದ್ದು ಬಂದ. ಈಚೆಗೆ ಆ ಪುಟ ತೆರೆದಾಗಲೆಲ್ಲ ಅವನು ಹತ್ತಿರ ಬರುತ್ತಾನೆ. ತನ್ನ ಮುಖವನ್ನು ದಾಟಿ ಬೆರಳನ್ನು ಮೂಲೆಗೆ ಒಯ್ದ. ದೊಡ್ಡಪ್ಪನ ತಿರುಗಿದ ಕತ್ತು, ಭಾವನ ತಿರುಗಿದ ಕತ್ತು, ಒಂದೊಂದನ್ನೂ ಮುಟ್ಟುತ್ತ ಬಂದ.

"ನೋಡವ್ವ ರತ್ನ, ಇವ್ರೆಲ್ಲಾ ಯಾರ್ನ ನೋಡ್ತಾವ್ರೆ? ನಮ್ ಹೈದ ಅಲ್ಲೇ ಅವ್ನೆ."